ಮರುಭೂಮಿಯ ಶರತ್ಕಾಲದ ಗಾಳಿ

ಗಾಳಿ ಬೀಸಿದರೆ ತಂಪಾಗುವುದೆಂಬುದು ನಮ್ಮೆಲ್ಲರ ಅನುಭವ. ಒಂದೇ ಗಾಳಿಯು ತಾನು ಹಾದುಬಂದ ನಾಡನ್ನು ತಂಪುಗೊಳಿಸಿ, ತಲುಪಿದ ನಾಡನ್ನು ಕಾಯಿಸುವುದುಂಟೆ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದೇ ನಾವು ತಟ್ಟನೆ ಹೇಳಿಬಿಡುವೆವು. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಮೂಲೆಯಲ್ಲಿ ಶರತ್ಕಾಲ ಬಂದಿತೆಂದರೆ ಈ ವಿಚಿತ್ರವು ಮತ್ತೆ ಮತ್ತೆ ನಡೆಯುತ್ತದೆ. ಅದರ ಕಾರಣವನ್ನು ತಿಳಿಯಲು ಕಾಲೇಜಿನ ಮೊದಲ ತರಗತಿಗಳ ಭೌತಶಾಸ್ತ್ರವೇ ಸಾಕು.

ಮೊದಲು ನಕಾಶೆಯನ್ನು ಮುಂದಿಟ್ಟುಕೊಳ್ಳೋಣ. ಪೆಸಿಫಿಕ್ ಸಾಗರದ ತೀರದಲ್ಲಿ ಲಾಸ್ ಏಂಜಲಿಸ್ ಮತ್ತು ಸಾನ್ ಡಿಯಾಗೊ ನಗರಗಳಿವೆ. ಅವುಗಳ ಬೆನ್ನಿಗೆ ಪರ್ವತಗಳ ಸಾಲು. ಆ ಸಾಲಿನ ಆಚೆಗೆ, ಈಶಾನ್ಯದಲ್ಲಿ, ಮೊಹಾವಿ ಮರುಭೂಮಿ. ಅದಕ್ಕೂ ಉತ್ತರಕ್ಕೆ, ನೆವಾಡ ಮತ್ತು ಯೂಟಾ ರಾಜ್ಯಗಳಲ್ಲಿ, ಗ್ರೇಟ್ ಬೇಸಿನ್ ಎಂಬ ಒಣನಾಡು. ಇದರ ಕಣಿವೆಗಳ ನೆಲವೇ ಬಹುಮಟ್ಟಿಗೆ ಸಮುದ್ರಮಟ್ಟದಿಂದ ೧೨೦೦ ಮೀಟರಿಗಿಂತ ಹೆಚ್ಚು ಎತ್ತರದಲ್ಲಿದೆ. ಸಾಗರದಿಂದ ಬರುವ ತೇವದ ಗಾಳಿಯು ಸಿಯೆರ ನೆವಾಡ ಮೊದಲಾದ ಪರ್ವತಗಳನ್ನು ಏರುವಾಗಲೇ ನೀರನ್ನು ಸುರಿಸಿಬಿಡುವುದರಿಂದ ಅವುಗಳ ಪೂರ್ವಕ್ಕೆ ಮಳೆ ಅತ್ಯಲ್ಪ. ಸಹ್ಯಾದ್ರಿಯ ಪೂರ್ವಕ್ಕಿರುವ ನಮ್ಮ ಬಯಲುಸೀಮೆಯಲ್ಲಿ ಮುಂಗಾರಿನ ಮಳೆ ಕಡಿಮೆಯಾಗುವುದಕ್ಕೂ ಇದೇ ಕಾರಣ. ಮೊಹಾವಿಯ ಬೇಸಗೆ ಎಷ್ಟು ಉಗ್ರವೆಂಬುದಕ್ಕೆ ಒಂದು ನಿದರ್ಶನ ಸಾಕು: ಅಲ್ಲಿಯ ಡೆತ್ ವ್ಯಾಲಿ, ಎಂದರೆ ಮೃತ್ಯುಕಣಿವೆಯಲ್ಲಿ, ೧೯೧೩ರ ಜುಲೈ ೧೦ರಂದು ಉಷ್ಣತೆಯು ೫೬.೭ ಡಿಗ್ರಿ ಸೆಂಟಿಗ್ರೇಡ್ ಎಂದು ದಾಖಲಾಯಿತು.

ಈ ಬೇಸಗೆಯನ್ನು ಮುರಿಯುವುದೇ ಶರತ್ಕಾಲದ ಗಾಳಿ. ಜೂನ್ ೨೧ರ ಮಧ್ಯಾಹ್ನ ಲಾಸ್ ವೇಗಸ್ ನಗರದಲ್ಲಿ ಸೂರ್ಯನು ದಿಗಂತದಿಂದ ಸುಮಾರು ೭೭ ಡಿಗ್ರಿ ಮೇಲಿರುತ್ತಾನೆ. ಸೆಪ್ಟೆಂಬರ್ ೨೩ರ ಹೊತ್ತಿಗೆ ೫೪ ಡಿಗ್ರಿಗೆ ಇಳಿದಿರುತ್ತಾನೆ. ಹಗಲು ಹದಿನಾಲ್ಕೂವರೆ ಗಂಟೆಯಿಂದ ಹನ್ನೆರಡು ಗಂಟೆಗೆ ಕುಗ್ಗಿರುತ್ತದೆ. ಉತ್ತರದ ಕೆನಡಾದಲ್ಲಿ ಈ ಇಳಿತವು ಇನ್ನೂ ತೀವ್ರ. ಹೀಗೆ ಉತ್ತರಕ್ಕೂ ದಕ್ಷಿಣಕ್ಕೂ ಉಷ್ಣತೆಯ ಅಂತರ ಹೆಚ್ಚಿದಂತೆ, ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವೇಗದ ವಾಯುಪ್ರವಾಹವು ಬಲಗೊಂಡು ದಕ್ಷಿಣದ ಕಡೆಗೆ ಸರಿಯುತ್ತದೆ. ಅದು ನೇರವಾಗಿ ಹರಿಯದೆ ನದಿಯಂತೆ ಬಳುಕುವುದು. ಬಳುಕು ದಕ್ಷಿಣಕ್ಕೆ ಬಾಗಿದ ಕಡೆ ಉತ್ತರದ ತಣ್ಣನೆಯ ವಾಯುರಾಶಿಯೂ ಜೊತೆಗೆ ಇಳಿದುಬರುತ್ತದೆ. ಈ ರಾಶಿಯ ಮುಂಗಡೆಯ ಅಂಚನ್ನೇ ಹವಾಶಾಸ್ತ್ರಜ್ಞರು ಶೀತಮುಖವೆಂದು ಕರೆಯುವರು.

ಶೀತಮುಖವು ಸಮೀಪಿಸುವಾಗ ಮರುಭೂಮಿಯಲ್ಲಿ ನಡೆಯುವುದೇನು? ಅದರ ಮುಂದೆ ವಾಯುಭಾರವು ಕುಸಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ನೆಲದ ಗಾಳಿಯು ಮೇಲೇರಿ, ಮೇಲಿನ ವೇಗದ ಗಾಳಿಯು ಕೆಳಗಿಳಿದು, ನೈಋತ್ಯದ ಬಿರುಗಾಳಿ ಏಳುವುದು. ಬತ್ತಿದ ಕೆರೆಗಳ ತಳದ ಧೂಳು ಆಕಾಶವನ್ನು ಮುಸುಕುವುದು. ಶೀತಮುಖವು ಹಾದುಹೋದೊಡನೆ ಗಾಳಿ ಉತ್ತರಕ್ಕೆ ತಿರುಗುತ್ತದೆ. ಮರುದಿನದ ಉಷ್ಣತೆ ಹತ್ತು ಡಿಗ್ರಿಯಷ್ಟು ಇಳಿಯುವುದೂ ಉಂಟು. ಇಷ್ಟಾದರೂ ಅನೇಕ ವೇಳೆ ಒಂದು ಹನಿಯೂ ಬೀಳುವುದಿಲ್ಲ. ಮಳೆಗೆ ಬೇಕಾದ ನೀರಾವಿಯೇ ಆ ಗಾಳಿಯಲ್ಲಿಲ್ಲ. ಗಾಳಿ ನಿಂತ ಮೇಲಿನ ಮೊದಲ ರಾತ್ರಿ ಇನ್ನೂ ತಂಪು. ಮೋಡವಾಗಲಿ ನೀರಾವಿಯಾಗಲಿ ತಡೆಯದಿರುವುದರಿಂದ ನೆಲದ ಉಷ್ಣವು ವಿಕಿರಣದ ಮೂಲಕ ಹೆಚ್ಚು ಅಡ್ಡಿಯಿಲ್ಲದೆ ಆಕಾಶಕ್ಕೆ ಹೊರಟುಹೋಗುತ್ತದೆ. ತಿಂಗಳುಗಟ್ಟಲೆ ಬೆಂದ ಮರುಭೂಮಿಯ ಜನರು ಆ ಮುಂಜಾನೆ ನೆಮ್ಮದಿಯ ಉಸಿರು ಬಿಡುವರು.

ಆದರೆ ಪರ್ವತಗಳ ಈಚೆಗಿನ ಕರಾವಳಿಗೆ ಇದೇ ಸಮಯದಲ್ಲಿ ನೆಮ್ಮದಿ ತಪ್ಪುತ್ತದೆ. ತಣ್ಣನೆಯ ಗಾಳಿ ಹೆಚ್ಚು ಸಾಂದ್ರವಾದುದು, ಭಾರವಾದುದು. ಅದು ಗ್ರೇಟ್ ಬೇಸಿನ್ನಿನಲ್ಲಿ ತಂಗಿದಾಗ ಅಲ್ಲಿ ವಾಯುಭಾರವು ಏರುತ್ತದೆ. ಕರಾವಳಿಯಲ್ಲಿ ವಾಯುಭಾರ ಕಡಿಮೆ. ಆದುದರಿಂದ ಗಾಳಿಯು ಎತ್ತರದ ನಾಡಿನಿಂದ ಸಾಗರದತ್ತ ನುಗ್ಗುತ್ತದೆ. ಪರ್ವತಗಳ ನಡುವಿನ ಕಣಿವೆಗಳಲ್ಲಿ ಇಕ್ಕಟ್ಟಾದ ದಾರಿಯಲ್ಲಿ ಅದರ ವೇಗ ಇನ್ನೂ ಹೆಚ್ಚುವುದು. ಇದನ್ನು ಸಾಂತಾ ಆನಾ ಗಾಳಿ ಎನ್ನುವರು.

ಈ ಗಾಳಿ ಕರಾವಳಿಯನ್ನು ಮುಟ್ಟಿದಾಗ ಬಿಸಿಯಾಗಿರುತ್ತದೆ. ಮರುಭೂಮಿಯ ಕಾವನ್ನೇ ಹೊತ್ತು ತಂದಿತೆಂದು ಹಲವರು ಭಾವಿಸುವುದು ಸಹಜ. ಆದರೆ ಅಂದು ಮರುಭೂಮಿಯೇ ಕರಾವಳಿಗಿಂತ ತಂಪಾಗಿರುವುದುಂಟು! ಹಾಗಾದರೆ ಕಾವು ಬಂದುದೆಲ್ಲಿಂದ?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವು ಕಂಡಿದ್ದೇವೆ. ಗಾಳಿಯನ್ನು ಅದುಮುವಾಗ ನಾವು ಮಾಡಿದ ಕೆಲಸವು ಅದರೊಳಗೆ ಉಷ್ಣವಾಗಿ ತೋರುತ್ತದೆ. ಪರ್ವತದಿಂದ ಇಳಿಯುವ ಗಾಳಿಯ ಮೇಲೂ ವಾಯುಭಾರವು ಏರುತ್ತಾ ಹೋಗಿ ಅದನ್ನು ಅದುಮುತ್ತದೆ. ಹೊರಗಿನಿಂದ ಉಷ್ಣವನ್ನು ಪಡೆಯದೆ, ಹೊರಕ್ಕೆ ಕೊಡದೆ ನಡೆಯುವ ಈ ಕ್ರಿಯೆಗೆ ಸ್ಥಿರೋಷ್ಣ ಸಂಕೋಚನವೆಂದು ಹೆಸರು. ಒಣಗಾಳಿಯು ಒಂದು ಕಿಲೋಮೀಟರ್ ಇಳಿದರೆ ೯.೮ ಡಿಗ್ರಿ ಬಿಸಿಯಾಗುವುದು. ೧೨೦೦ ಮೀಟರ್ ಎತ್ತರದಲ್ಲಿ ೧೮ ಡಿಗ್ರಿ ಇದ್ದ ಗಾಳಿಯು ಸಮುದ್ರಮಟ್ಟಕ್ಕೆ ಬರುವಾಗ ಸುಮಾರು ೩೦ ಡಿಗ್ರಿಯಾಗಿರುತ್ತದೆ. ಬಿಸಿಗಾಳಿ ಮೇಲೇರಬೇಕಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ತಾನಾಗಿ ಬಿಟ್ಟರೆ ಅದು ಸರಿ. ಇಲ್ಲಿ ವಾಯುಭಾರದ ಅಂತರವು ಗಾಳಿಯನ್ನು ಹಿಂದಿನಿಂದ ತಳ್ಳುತ್ತಿದೆ.

ಕಾವಿಗಿಂತಲೂ ಅಪಾಯಕರವಾದುದು ಶುಷ್ಕತೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಹೆಚ್ಚು ನೀರಾವಿಗೆ ಅವಕಾಶವುಂಟು. ದಾರಿಯಲ್ಲಿ ಹೊಸ ನೀರಾವಿ ಸೇರದಿದ್ದರೆ, ೧೮ ಡಿಗ್ರಿಯಲ್ಲಿ ಶೇಕಡ ೨೦ ಇದ್ದ ಸಾಪೇಕ್ಷ ಆರ್ದ್ರತೆಯು ೩೦ ಡಿಗ್ರಿಗೆ ಬರುವಾಗ ಶೇಕಡ ೧೧ರ ಆಸುಪಾಸಿಗೆ ಇಳಿದಿರುತ್ತದೆ. ಅಲ್ಲಿಯ ಮಳೆಗಾಲವು ಚಳಿಗಾಲದಲ್ಲಿ, ಬೇಸಗೆಯಲ್ಲಿ ಮಳೆಯಿಲ್ಲ. ಆದುದರಿಂದ ಶರತ್ಕಾಲದ ಆರಂಭದಲ್ಲಿ ಬೆಟ್ಟದ ಪೊದೆಗಳು ವರ್ಷದಲ್ಲೇ ಅತ್ಯಂತ ಒಣಗಿರುತ್ತವೆ. ಹುಲ್ಲು ಒಣಗಿರುವಾಗಲೇ ಒಣಗಾಳಿ ಬರುವುದು, ಬಿರುಸಾಗಿಯೂ ಬರುವುದು: ಮೂರೂ ಕೂಡಿದಾಗ ಒಂದು ಕಿಡಿ ಸಾಕು.

೨೦೦೩ರ ಅಕ್ಟೋಬರ್ ೨೫ರಂದು ಸಾನ್ ಡಿಯಾಗೊ ಜಿಲ್ಲೆಯ ಬೆಟ್ಟಗಳಲ್ಲಿ ದಾರಿತಪ್ಪಿದ ಬೇಟೆಗಾರನೊಬ್ಬನು ನೆರವಿನ ಸಂಕೇತಕ್ಕಾಗಿ ಬೆಂಕಿ ಹೊತ್ತಿಸಿದನು. ಸಾಂತಾ ಆನಾ ಗಾಳಿಯು ಅದನ್ನು ಹಿಡಿದು ಜನವಸತಿಗಳತ್ತ ಅಟ್ಟಿತು. ಸುಮಾರು ೨,೭೩,೦೦೦ ಎಕರೆ ನೆಲ ಸುಟ್ಟಿತು. ೨೨೦೦ಕ್ಕೂ ಹೆಚ್ಚು ಮನೆಗಳು ಬೂದಿಯಾದುವು. ೧೫ ಜನ ಪ್ರಾಣ ಕಳೆದುಕೊಂಡರು. ಅವರಲ್ಲೊಬ್ಬನು ಬೆಂಕಿಯೊಡನೆ ಹೋರಾಡುತ್ತಿದ್ದ ಅಗ್ನಿಶಾಮಕದಳದವನು.

ಈ ಗಾಳಿಯನ್ನು ನಾವು ತಡೆಯಲಾರೆವು. ಆದರೆ ಅದರ ಬರವನ್ನು ಮೊದಲೇ ಅರಿಯಬಲ್ಲೆವು. ಮೊಹಾವಿಯ ಡ್ಯಾಗೆಟ್ ಎಂಬಲ್ಲಿಯ ವಾಯುಭಾರವನ್ನೂ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ವಾಯುಭಾರವನ್ನೂ ಸಮುದ್ರಮಟ್ಟಕ್ಕೆ ಹೊಂದಿಸಿ ಹವಾತಜ್ಞರು ಹೋಲಿಸಿ ನೋಡುತ್ತಾರೆ. ಡ್ಯಾಗೆಟ್ಟಿನದು ಮೇಲಾದರೆ ಗಾಳಿಯು ಮರುಭೂಮಿಯಿಂದ ಸಾಗರದ ಕಡೆಗೆ ತಿರುಗುವ ಸೂಚನೆ. ಗಾಳಿ ಬಿರುಸಾಗಿ ಆರ್ದ್ರತೆ ಕುಸಿಯುವಂತಿದ್ದರೆ 'ಕೆಂಪು ಬಾವುಟ'ದ ಎಚ್ಚರಿಕೆ ಹೊರಡುತ್ತದೆ. ಆಗ ಜನರು ಬಯಲಿನಲ್ಲಿ ಬೆಂಕಿ ಹೊತ್ತಿಸುವುದಿಲ್ಲ. ತಂತಿಗಳಿಂದ ಕಿಡಿ ಹಾರದಂತೆ ಕೆಲವೆಡೆ ವಿದ್ಯುತ್ತನ್ನೇ ನಿಲ್ಲಿಸುವುದೂ ಉಂಟು. ಮರುಭೂಮಿಯಲ್ಲಿ ತಂಗಾಳಿ ಬೀಸಿತೆಂಬ ಸುದ್ದಿಯು ಕರಾವಳಿಯವರಿಗೆ ಎಚ್ಚರದ ಗಂಟೆ. ಸೈಕಲ್ ಪಂಪಿನಲ್ಲಿ ನಾವು ಕಲಿತ ನಿಯಮವೇ ಅಲ್ಲಿ ಎಷ್ಟೋ ಜನರ ಮನೆಮಠಗಳನ್ನು ಕಾಯಲು ನೆರವಾಗುತ್ತಿದೆ.