ಹಳೆಯ ಅಲ್ಯೂಮಿನಿಯಂ ದೋಣಿ: ಬಣ್ಣ ಬಳಿಯುವ ಮುನ್ನ ನೋಡಬೇಕಾದ್ದು

ವಿಶಾಖಪಟ್ಟಣದ ಮೀನುಗಾರಿಕಾ ಬಂದರಿನಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಮರದ ಮತ್ತು ಫೈಬರ್ ದೋಣಿಗಳು. ಅಲ್ಯೂಮಿನಿಯಂ ದೋಣಿ ಅಪರೂಪ. ಸೆಕೆಂಡ್‌ಹ್ಯಾಂಡಿನಲ್ಲಿ ಒಂದು ಸಿಕ್ಕರೆ ಕೊಳ್ಳಬಹುದೇ? ಕೊಳ್ಳಬಹುದು, ರೋಗ ಎಲ್ಲಿದೆ ಎಂದು ಮೊದಲೇ ಪತ್ತೆ ಮಾಡಿದರೆ.

ಈ ಲೋಹದ ಗುಣ ಹಗುರತನ. 3 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಹಾಳೆ ಸುಮಾರು 8 ಕೆ.ಜಿ. ತೂಗುತ್ತದೆ, ಅದೇ ಅಳತೆಯ ಉಕ್ಕು 23 ಕೆ.ಜಿ. ದಾಟುತ್ತದೆ. ಗಾಳಿ ತಾಗಿದೊಡನೆ ಮೇಲೆ ಆಕ್ಸೈಡ್ ಎಂಬ ತೆಳು ಪೊರೆ ಮೂಡಿ ಲೋಹವನ್ನು ಕಾಯುತ್ತದೆ.

ಹಾಗಾದರೆ ದೋಣಿ ಹಾಳಾಗುವುದೇಕೆ? ಸಹವಾಸ ದೋಷದಿಂದ. ತಾಮ್ರ, ಹಿತ್ತಾಳೆ ಅಥವಾ ಸ್ಟೀಲ್ ಬೋಲ್ಟು ತಾಗಿಕೊಂಡಿದ್ದು, ನಡುವೆ ಉಪ್ಪುನೀರು ಸೇರಿದರೆ, ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಇದಕ್ಕೆ ಗ್ಯಾಲ್ವಾನಿಕ್ ಕರೋಷನ್, ಅಂದರೆ ಎರಡು ಲೋಹಗಳ ನಡುವಿನ ಸವೆತ, ಎನ್ನುತ್ತಾರೆ. ವಿಜಯವಾಡದ ಕೃಷ್ಣೆಯ ಸಿಹಿನೀರಿನಲ್ಲಿ ಇದು ನಿಧಾನ, ವಿಶಾಖಪಟ್ಟಣದ ಕಡಲಲ್ಲಿ ಬಿರುಸು. ಆದ್ದರಿಂದ ದೋಣಿ ಇಷ್ಟು ದಿನ ಯಾವ ನೀರಿನಲ್ಲಿತ್ತು ಎಂದು ಮೊದಲು ಕೇಳಿ.

ಇನ್ನು ಪರೀಕ್ಷೆ. ದೋಣಿಯನ್ನು ಗಟ್ಟಿ ಆಸರೆಯ ಮೇಲಿಟ್ಟು, ಒಳಗೆ ನಾಲ್ಕೈದು ಅಂಗುಲ ನೀರು ಸುರಿಯಿರಿ. ತುಂಬಿಸಬೇಡಿ, ಭಾರಕ್ಕೆ ತಳ ಬಾಗೀತು. ಹೊರಗೆ ಎಲ್ಲಿ ಜಿನುಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಬಿಳಿ ಪುಡಿ ಕಂಡಲ್ಲಿ ಉಜ್ಜಿ ನೋಡಿ, ಅಡಿಯಲ್ಲಿ ಗುಳಿ ಇರಬಹುದು. ಬಳಿಕ ಎಂಜಿನ್ ಕೂರುವ ಹಿಂಬದಿಯ ಹಲಗೆ, ಟ್ರಾನ್ಸಮ್, ಇದಕ್ಕೆ ಸ್ಕ್ರೂಡ್ರೈವರ್ ಚುಚ್ಚಿ. ಮೆತ್ತಗೆ ಇಳಿದರೆ ಮರ ಕೊಳೆತಿದೆ ಎಂದೇ ಅರ್ಥ.

ರಿಪೇರಿಯ ಕ್ರಮ ಹೀಗಿದೆ. ಸಡಿಲಾದ ರಿವೆಟ್ಟನ್ನು ಇಬ್ಬರು ಸೇರಿ ಬಿಗಿಯಬೇಕು: ಒಬ್ಬರು ಒಂದು ಕಡೆ ಭಾರದ ಕಬ್ಬಿಣ ಒತ್ತಿ ಹಿಡಿದರೆ, ಇನ್ನೊಬ್ಬರು ಎದುರು ಕಡೆಯಿಂದ ಸುತ್ತಿಗೆಯಲ್ಲಿ ತಟ್ಟಬೇಕು. ಬಿರುಕಿಗೆ ಟಿಗ್ ವೆಲ್ಡಿಂಗ್, ಅಂದರೆ ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ, ಬೇಕು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಮೇಲಿನ ಪೊರೆ 2000 ಡಿಗ್ರಿ ದಾಟುವವರೆಗೂ ಕರಗದು. ಹಾಗಾಗಿ ಬೆಸೆಯುವ ಮುನ್ನ ಆ ಜಾಗವನ್ನು ಸ್ಟೇನ್‌ಲೆಸ್ ಸ್ಟೀಲ್ ಬ್ರಷ್‌ನಿಂದ ತಿಕ್ಕಲೇಬೇಕು. ಕಬ್ಬಿಣಕ್ಕೆ ಬಳಸಿದ ಬ್ರಷ್ ಬೇಡ. ವೆಲ್ಡಿಂಗ್‌ಗೆ ಮೊದಲು ಇಂಧನದ ಟ್ಯಾಂಕನ್ನು ದೂರ ಒಯ್ಯಿರಿ; ಬೆಂಕಿ ಒಂದು ದೋಣಿಗೆ ನಿಲ್ಲದು. 2023ರ ನವೆಂಬರ್‌ನಲ್ಲಿ ವಿಶಾಖಪಟ್ಟಣದ ಬಂದರಿನಲ್ಲಿ ಬಿದ್ದ ಬೆಂಕಿಗೆ ಹತ್ತಾರು ದೋಣಿಗಳು ಸುಟ್ಟುಹೋದವು.

ಕೊಳೆತ ಹಲಗೆಯ ಜಾಗಕ್ಕೆ ಮೆರೈನ್ ಪ್ಲೈವುಡ್ ಹಾಕಿ, ಅಂಚುಗಳಿಗೆ ಎಪಾಕ್ಸಿ ಬಳಿಯಿರಿ. ತಾಮ್ರದ ಔಷಧ ಕುಡಿಸಿದ ಮರ ಬೇಡವೇ ಬೇಡ. ಬೋಲ್ಟಿನಡಿ ನೈಲಾನ್ ವಾಷರ್ ಇಡಿ. ಬಣ್ಣಕ್ಕೆ ಮೊದಲು ಎಚ್ ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ಅಸ್ತರು, ಬೇಕು. ತಾಮ್ರ ಬೆರೆತ ಪಾಚಿನಿರೋಧಕ ಬಣ್ಣ ತಳಕ್ಕೆ ಸಲ್ಲದು. ಕೊನೆಗೆ ಆನೋಡ್, ಅಂದರೆ ದೋಣಿಯ ಬದಲು ತಾನು ಸವೆಯುವ ಲೋಹದ ತುಂಡು: ಕಡಲಿಗೆ ಸತು, ಸಿಹಿನೀರಿಗೆ ಮೆಗ್ನೀಷಿಯಂ.

ಖರ್ಚು ಎಷ್ಟು? ಹಾಳೆಗೆ ತೂಕದ ಲೆಕ್ಕ, ಬೆಸುಗೆಗೆ ಉದ್ದದ ಲೆಕ್ಕ. ವ್ಯಾಪಾರ ಕುದುರಿಸುವ ಮೊದಲೇ ಎರಡು ಕಡೆ ಅಂದಾಜು ಬರೆಸಿಕೊಳ್ಳಿ. ತಳದ ತುಂಬ ಗುಳಿಗಳಿದ್ದರೆ ಗುಜರಿ ಬೆಲೆಗಿಂತ ಹೆಚ್ಚು ಕೊಡಬೇಡಿ.

ಕೆಲಸಗಾರರಿಗೆ ವಿಜಯವಾಡದ ಆಟೋನಗರ ಅಥವಾ ವಿಶಾಖಪಟ್ಟಣದ ಗಾಜುವಾಕ ಆಟೋನಗರದಲ್ಲಿ ವಿಚಾರಿಸಿ. ತಾಂತ್ರಿಕ ಸಲಹೆ ಬೇಕಿದ್ದರೆ ವಿಶಾಖಪಟ್ಟಣದಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಸಂಶೋಧನಾ ಕೇಂದ್ರವಿದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ದುರಸ್ತಿಗೆ ಅದೇ ಹೊತ್ತು.

ಹಣ ಕೊಡುವ ಮುನ್ನ ನೋಂದಣಿ ಪತ್ರ ಮತ್ತು ಎಂಜಿನ್ನಿನ ದಾಖಲೆ ನೋಡಿ, ಹೆಸರು ಬದಲಾವಣೆಯ ಬಗ್ಗೆ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ನೀರಿಗಿಳಿಸುವ ಮುನ್ನ ಮತ್ತೊಮ್ಮೆ ಒಳಗೆ ನೀರು ಸುರಿದು, ಸೀಮೆಸುಣ್ಣದ ಗುರುತು ಹಾಕಿದ್ದ ಜಾಗಗಳನ್ನು ನೋಡಿ. ಒಂದು ಕಡೆ ಜಿನುಗಿದರೂ ದಡದಲ್ಲೇ ಸರಿಪಡಿಸಿ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.