ಬುಗುರಿಯಂತೆ ತಿರುಗಿ ಬಾಣದಂತೆ ಹಾರಿದ ಚೆಂಡು

ಫುಟ್‌ಬಾಲ್ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಕಾಲಿನಿಂದ ಒದೆಯುವ ಗುಂಡನೆಯ ಚೆಂಡು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಹೆಸರನ್ನು ಪಡೆದಿರುವ ಆಟವೇ ಬೇರೆ. ಅಲ್ಲಿಯ ಚೆಂಡು ನಡುವೆ ಉಬ್ಬಿ, ಎರಡು ತುದಿಗಳಲ್ಲಿಯೂ ಚೂಪಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಲೂಬಹುದು. ಪಕ್ಷಕ್ಕೆ 11 ಮಂದಿ. ಚೆಂಡನ್ನು ಪಡೆದ ಪಕ್ಷವು ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುನ್ನಡೆಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ಸಾಮಾನ್ಯವಾಗಿ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಅದನ್ನು ಯಾರಿಗೆ ಸೇರಿಸಬೇಕೆಂದು ನಿರ್ಧರಿಸುವವನು ‘ಕ್ವಾರ್ಟರ್‌ಬ್ಯಾಕ್’. ಇಂದು ಅವನ ಹಿರಿಮೆಯನ್ನು ಅಳೆಯುವುದು ಅವನ ಎಸೆತದಿಂದ. ಆದರೆ 1906ಕ್ಕೆ ಮೊದಲು ಚೆಂಡನ್ನು ಮುಂದಕ್ಕೆ ಎಸೆಯುವುದೇ ನಿಷಿದ್ಧವಾಗಿತ್ತು.

ಆಗಿನ ಆಟವು ಬಾಹುಬಲದ ನೂಕಾಟವಾಗಿತ್ತು. ಆಟಗಾರರು ಒತ್ತೊತ್ತಾಗಿ ಸೇರಿ, ಒಬ್ಬರ ಮೇಲೊಬ್ಬರು ನುಗ್ಗಿ, ಅಂಗುಲ ಅಂಗುಲವಾಗಿ ಮುನ್ನಡೆಯಬೇಕಾಗಿತ್ತು. 1905ನೆಯ ಋತುವೊಂದರಲ್ಲಿಯೇ ಈ ಆಟದಲ್ಲಿ ಮಡಿದ ತರುಣರ ಸಂಖ್ಯೆ ಪತ್ರಿಕೆಗಳ ಲೆಕ್ಕದಂತೆ 18ಕ್ಕೆ ಕಡಿಮೆಯಿರಲಿಲ್ಲ. ಕೆಲವು ವಿದ್ಯಾಸಂಸ್ಥೆಗಳು ಆಟವನ್ನೇ ಕೈಬಿಟ್ಟವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ತಿದ್ದಿಕೊಳ್ಳುವಂತೆ ಒತ್ತಾಯಿಸಿದರು. ಆಟಗಾರರು ಬಯಲಿನ ತುಂಬ ಹರಡಿಕೊಂಡರೆ ಸಾವು ನೋವು ಕಡಿಮೆಯಾದೀತೆಂಬ ಆಶಯದಿಂದ 1906ರಲ್ಲಿ ಮುಂದೆಸೆತಕ್ಕೆ ಅನುಮತಿ ದೊರೆಯಿತು.

ಅನುಮತಿಯೇನೋ ದೊರೆಯಿತು, ಆದರೆ ಅದಕ್ಕೆ ಹಾಕಿದ ಕಟ್ಟುಪಾಡುಗಳು ಕಠಿನವಾಗಿದ್ದುವು. ಆ ವರ್ಷದ ಸೆಪ್ಟೆಂಬರ್ 5ರಂದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ಬ್ರಾಡ್‌ಬರಿ ರಾಬಿನ್ಸನ್ ನಿಯಮಬದ್ಧವಾದ ಮೊದಲ ಮುಂದೆಸೆತವನ್ನು ಎಸೆದ. ಅದನ್ನು ಯಾರೂ ಹಿಡಿಯಲಿಲ್ಲ. ಆಗಿನ ನಿಯಮದಂತೆ ಚೆಂಡು ಎದುರಾಳಿಗಳಿಗೆ ಹೋಯಿತು. ಅದೇ ಪಂದ್ಯದಲ್ಲಿ ಅವನ ಇನ್ನೊಂದು ಎಸೆತ ಫಲಿಸಿತಾದರೂ, ಒಂದು ತಪ್ಪಿಗೆ ಇಷ್ಟು ದಂಡವಿದ್ದಾಗ ಬಹುಮಂದಿ ತರಬೇತುಗಾರರು ಹೊಸ ವಿದ್ಯೆಯನ್ನು ದೂರವೇ ಇಟ್ಟರು. 1912ರಲ್ಲಿ ನಿಯಮಗಳು ಇನ್ನಷ್ಟು ಸಡಿಲವಾಗಿ, ಎಸೆತದ ದೂರಕ್ಕಿದ್ದ 20 ಗಜದ ಮಿತಿ ತೊಲಗಿತು.

ಈ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡವರಲ್ಲಿ ಒಬ್ಬ ಚಾರ್ಲ್ಸ್ ‘ಗಸ್’ ಡೊರೇ. ವಿಸ್ಕಾನ್ಸಿನ್ ಸಂಸ್ಥಾನದ ಚಿಪ್ಪೆವಾ ಫಾಲ್ಸ್ ಎಂಬ ಊರಿನವನಾದ ಈತ 1910ರಲ್ಲಿ ಇಂಡಿಯಾನಾದ ನಾಟರ್ ಡೇಮ್ ವಿದ್ಯಾಸಂಸ್ಥೆಯನ್ನು ಸೇರಿದ. ಎತ್ತರ 5 ಅಡಿ 7 ಅಂಗುಲ, ತೂಕ ಸುಮಾರು 145 ಪೌಂಡು. ಭೀಮಕಾಯರ ಆಟದಲ್ಲಿ ಇದು ಬಹಳ ಚಿಕ್ಕ ಮೈಕಟ್ಟು. ಆದರೂ ಅವನು ಪಕ್ಷದ ಕ್ವಾರ್ಟರ್‌ಬ್ಯಾಕ್ ಆದ, 1912ರಲ್ಲಿ ನಾಯಕನಾದ. ಅವನ ಕೊನೆಯ ಮೂರು ಋತುಗಳಲ್ಲಿ ನಾಟರ್ ಡೇಮ್ ಒಂದು ಪಂದ್ಯವನ್ನೂ ಸೋಲಲಿಲ್ಲ.

ಡೊರೇಯ ಸಹಪಾಠಿ ಹಾಗೂ ಗೆಳೆಯ ನೂಟ್ ರಾಕ್ನಿ. ಮುಂದೆ ಹೆಸರಾಂತ ತರಬೇತುಗಾರನಾದ ಇವನು ರಸಾಯನಶಾಸ್ತ್ರದ ವಿದ್ಯಾರ್ಥಿ. ಕೃತಕ ರಬ್ಬರಿಗೆ ದಾರಿ ಮಾಡಿಕೊಟ್ಟ ನ್ಯೂಲ್ಯಾಂಡರಿಗೆ ಕೆಲಕಾಲ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದವನು. 1913ರ ಬೇಸಗೆಯಲ್ಲಿ ಇಬ್ಬರೂ ಈರೀ ಸರೋವರದ ದಂಡೆಯಲ್ಲಿರುವ ಸೀಡರ್ ಪಾಯಿಂಟ್ ಎಂಬ ವಿಹಾರಸ್ಥಳದಲ್ಲಿ ಕೆಲಸಕ್ಕೆ ಸೇರಿದರು. ಬಿಡುವಿನ ವೇಳೆಯಲ್ಲಿ ಮರಳಿನ ಮೇಲೆ ಒಬ್ಬ ಎಸೆಯುವುದು, ಮತ್ತೊಬ್ಬ ಓಡುತ್ತ ಹಿಡಿಯುವುದು, ಹೀಗೆ ಅಭ್ಯಾಸ ಸಾಗಿತು.

ಹಿಡಿಯುವ ಬಗೆಯಲ್ಲಿಯೇ ಒಂದು ಸೂಕ್ಷ್ಮವಿದೆ. ಆವರೆಗೆ ಹಲವರು ಚೆಂಡನ್ನು ಎದೆಗೆ ಅಪ್ಪಳಿಸುವಂತೆ ಹಿಡಿಯುತ್ತಿದ್ದರು. ರಾಕ್ನಿ ಕೈಗಳನ್ನು ಮುಂದಕ್ಕೆ ಚಾಚಿ, ಬಿಗಿ ಸಡಿಲಿಸಿ, ಬೆರಳುಗಳಿಂದ ಹಿಡಿಯುವುದನ್ನು ರೂಢಿಸಿಕೊಂಡ. ಸುಮಾರು 0.4 ಕಿಲೋಗ್ರಾಂ ತೂಗುವ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಿಂದ ಬರುತ್ತಿದೆಯೆನ್ನೋಣ. ಅದನ್ನು ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ನಿಲ್ಲಿಸಲು ಬೇಕಾದ ಸರಾಸರಿ ಬಲ 800 ನ್ಯೂಟನ್. ಕೈಗಳನ್ನು ಹಿಂದಕ್ಕೆಳೆದುಕೊಂಡು ನಿಲ್ಲಿಸುವ ಕಾಲವನ್ನು ನಾಲ್ಮಡಿಯಾಗಿಸಿದರೆ ಬೇಕಾಗುವ ಬಲ 200 ನ್ಯೂಟನ್ ಮಾತ್ರ. ಕ್ರಿಕೆಟ್ ಚೆಂಡನ್ನು ಹಿಡಿದು ಬಲ್ಲ ನಮ್ಮ ಹುಡುಗರಿಗೆ ಈ ಗುಟ್ಟು ಹೊಸದಲ್ಲ.

ಇನ್ನು ಎಸೆತದ ವಿಷಯ. ಉದ್ದ ಚೆಂಡು ಗಾಳಿಯಲ್ಲಿ ಅಡ್ಡಡ್ಡ ಹೊರಳಿದರೆ ಬೇಗ ವೇಗಗುಂದಿ ಬೀಳುತ್ತದೆ. ಇಂದಿನ ಚೆಂಡಿನ ಉದ್ದ ಸುಮಾರು 28 ಸೆಂಟಿಮೀಟರ್, ನಡುವಿನ ಅಡ್ಡಳತೆ ಸುಮಾರು 17. ಮೂತಿ ಮುಂದಾಗಿ ಹಾರುವಾಗ ಅದು ಗಾಳಿಗೆ ಒಡ್ಡುವ ಕ್ಷೇತ್ರ ಸುಮಾರು 227 ಚದರ ಸೆಂಟಿಮೀಟರ್. ಅಡ್ಡಲಾದರೆ 370ಕ್ಕೂ ಹೆಚ್ಚು. ಅಡ್ಡಲಾದ ಚೆಂಡಿನ ಹಿಂದೆ ಸುಳಿಗಳೂ ಎದ್ದು ತಡೆಯನ್ನು ಮತ್ತಷ್ಟು ಹೆಚ್ಚಿಸುತ್ತವೆ. ಆದುದರಿಂದ ಮೂತಿ ಮುಂದೆಯೇ ಇರಬೇಕು. ಅದಕ್ಕೆ ಉಪಾಯವೆಂದರೆ ಚೆಂಡು ತನ್ನ ಉದ್ದನೆಯ ಅಕ್ಷದ ಸುತ್ತ ತಿರುಗುವಂತೆ ಎಸೆಯುವುದು. ನುರಿತವನ ಎಸೆತದಲ್ಲಿ ಚೆಂಡು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಡೊರೇಯ ಕಾಲದ ಚೆಂಡು ಇಂದಿನದಕ್ಕಿಂತ ದಪ್ಪವಾಗಿ, ಹಿಡಿತಕ್ಕೆ ಒಗ್ಗದಂತಿತ್ತು ಎಂಬುದನ್ನು ನೆನೆದರೆ ಆ ಮರಳುದಂಡೆಯ ದುಡಿಮೆಯ ಬೆಲೆ ತಿಳಿಯುತ್ತದೆ.

ಇಲ್ಲಿ ಚತುರ ವಾಚಕರಿಗೆ ಒಂದು ಸಂದೇಹ ಬರಬಹುದು. ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಬಿಟ್ಟುಕೊಡುವುದಿಲ್ಲ. ಬುಗುರಿ ನಿಲ್ಲುವುದು ಈ ಗುಣದಿಂದಲೇ. ಹಾಗಾದರೆ ಮೇಲ್ಮುಖವಾಗಿ ಎಸೆದ ಚೆಂಡು ಮೂತಿಯನ್ನು ಮೇಲಕ್ಕೆತ್ತಿಕೊಂಡೇ ಕೆಳಗಿಳಿಯಬೇಕಲ್ಲವೆ? ಗಾಳಿಯಿಲ್ಲದೆಡೆಯಲ್ಲಿ ಹಾಗೆಯೇ ಆಗುತ್ತಿತ್ತು. ಆದರೆ ಮೈದಾನದಲ್ಲಿ ಚೆಂಡಿನ ಮೂತಿಯು ಬಾಗಿದ ಹಾದಿಯನ್ನೇ ಅನುಸರಿಸಿ ಕೆಳಕ್ಕೆ ಬಾಗುತ್ತದೆ. ಈ ಒಗಟಿಗೆ ಪ್ರೈಸ್, ಮಾಸ್ ಮತ್ತು ಗೇ ಎಂಬ ಮೂವರು ಭೌತವಿಜ್ಞಾನಿಗಳು 2020ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್ ಪತ್ರಿಕೆಯಲ್ಲಿ ಸರಳ ಸಮಾಧಾನವನ್ನು ನೀಡಿದರು.

ಸೈಕಲ್ಲಿನ ಬಿಡಿ ಚಕ್ರವೊಂದರ ಅಚ್ಚನ್ನು ಎರಡೂ ಕೈಗಳಲ್ಲಿ ಹಿಡಿದು, ಗೆಳೆಯನಿಂದ ಅದನ್ನು ಜೋರಾಗಿ ತಿರುಗಿಸಿ, ಅಚ್ಚನ್ನು ಓರೆ ಮಾಡಲು ಯತ್ನಿಸಿರಿ. ಅದು ನೀವು ತಳ್ಳಿದ ಕಡೆಗೆ ಬಾಗದೆ, ಅದಕ್ಕೆ ಲಂಬವಾದ ಕಡೆಗೆ ಹೊರಳಲೆಳಸುತ್ತದೆ. ಚೆಂಡಿನಲ್ಲಿಯೂ ಹೀಗೆಯೇ. ಹಾದಿ ಕೆಳಕ್ಕೆ ಬಾಗಿದಂತೆ ಗಾಳಿಯು ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಬಲಗೈಯವನು ಎಸೆದ ಚೆಂಡಿನ ಮೂತಿ ಆಗ ಬಲಕ್ಕೆ ಸರಿಯುತ್ತದೆ. ಬಲಕ್ಕೆ ಸರಿದ ಮೂತಿಯನ್ನು ಗಾಳಿ ಇನ್ನೂ ಬಲಕ್ಕೆ ತಳ್ಳಿದಾಗ ಅದು ಕೆಳಕ್ಕೆ ಬಾಗುತ್ತದೆ. ಹೀಗೆ ಮೂತಿಯು ಸಾಗುವ ದಿಕ್ಕಿನ ಸುತ್ತಲೇ ಸಣ್ಣದಾಗಿ ಸುತ್ತುತ್ತ ಹಾದಿಗೆ ಹೊಂದಿಕೊಳ್ಳುತ್ತದೆ. ಉರುಳಿಸಲೆಂದು ಬಂದ ಗಾಳಿಯೇ, ತಿರುಗುವ ಚೆಂಡಿಗೆ ದಾರಿ ತೋರಿಸುವ ಸಾರಥಿಯಾಗುತ್ತದೆ!

1913ರ ನವೆಂಬರ್ 1ರಂದು ವೆಸ್ಟ್ ಪಾಯಿಂಟಿನಲ್ಲಿ, ಬಲಿಷ್ಠವಾದ ಸೈನಿಕ ಶಾಲೆಯ ಪಕ್ಷದೆದುರು ಈ ವಿದ್ಯೆಯ ಪರೀಕ್ಷೆ ನಡೆಯಿತು. ಅರ್ಧ ಆಟ ಮುಗಿದಾಗ ನಾಟರ್ ಡೇಮಿಗೆ ಇದ್ದುದು 14–13ರ ಕೂದಲೆಳೆಯ ಮುನ್ನಡೆ. ಎದುರಾಳಿಗಳು ಎಸೆತವನ್ನು ತಡೆಯಲು ಹರಡಿಕೊಂಡರೆ ನಡುವೆ ಓಟಕ್ಕೆ ಎಡೆಯಾಗುತ್ತಿತ್ತು; ಒಟ್ಟುಗೂಡಿದರೆ ಚೆಂಡು ಅವರ ತಲೆಯ ಮೇಲೆ ಹಾರುತ್ತಿತ್ತು. ಡೊರೇ ಎಸೆದ 17 ಎಸೆತಗಳಲ್ಲಿ 14 ಫಲಿಸಿ 243 ಗಜ ದೊರೆತುವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಕೊನೆಗೆ 35–13ರ ಜಯ. ಮುಂದೆಸೆತವನ್ನು ಕಂಡುಹಿಡಿದವರು ಇವರೇ ಎಂಬ ಮಾತು ತಪ್ಪೆಂಬುದನ್ನು ರಾಬಿನ್ಸನ್ನನ ಕಥೆಯೇ ಹೇಳುತ್ತದೆ. ಆದರೆ ಅದರ ಶಕ್ತಿಯನ್ನು ನಾಡಿಗೆಲ್ಲ ತೋರಿಸಿಕೊಟ್ಟದ್ದು ಈ ಪಂದ್ಯ.

ಡೊರೇ ಬಳಿಕ ತರಬೇತುಗಾರನಾಗಿ ಬಹುಕಾಲ ದುಡಿದು 1954ರಲ್ಲಿ ತೀರಿಕೊಂಡ. ಚೆಂಡಿನ ಮೂತಿ ಏಕೆ ಬಾಗುತ್ತದೆಂಬ ಗಣಿತ ಅವನಿಗೆ ಬೇಕಾಗಿರಲಿಲ್ಲ. ಬೆರಳುಗಳು ಅದನ್ನು ಮರಳಿನ ಮೇಲೆ ಕಲಿತಿದ್ದುವು. ಕೈಗೆ ತಿಳಿದುದನ್ನು ಬುದ್ಧಿಗೆ ತಿಳಿಸಲು ವಿಜ್ಞಾನಕ್ಕೆ ಒಂದು ಶತಮಾನ ಹಿಡಿಯಿತು. ಒಬ್ಬರ ಮೇಲೊಬ್ಬರು ಬಿದ್ದು ತರುಣರು ಸಾಯುತ್ತಿದ್ದ ಆಟದಲ್ಲಿ, ಚಿಕ್ಕ ದೇಹದ ಯುವಕನೊಬ್ಬ ನೂಕಾಟಕ್ಕೆ ಬದಲಾಗಿ ಗಾಳಿಯನ್ನು ನೆಚ್ಚಿ ಗೆದ್ದನೆಂಬುದು ನೆನಪಿನಲ್ಲಿಡತಕ್ಕ ಸಂಗತಿ.