ಎಪಿಐ ಕೀ ಎಂದರೆ ಕೀಲಿಯೇ? ಅಭ್ಯಾಸ ಬೋಧನೆಯ ಒಂದು ಪಾಠ

ಬೈಲಹೊಂಗಲದ ತರಗತಿಯೊಂದರಲ್ಲಿ ಪಾಠ ಅವಲೋಕನಕ್ಕೆ ಕುಳಿತಿದ್ದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ವಿಶೇಷ ತಿಳಿಸುವ ಪುಟ್ಟ ವೆಬ್ ಎಪಿಐಯನ್ನು ಪೈಥಾನ್‌ನಲ್ಲಿ ಕಟ್ಟುವ ಪಾಠ ಅದು. ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ‘ಎಪಿಐ ಕೀಲಿ’ ಎಂದು ಬರೆದ ಕೂಡಲೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಸರ್, ಚೆನ್ನಮ್ಮನ ಕೋಟಿ ಎಲ್ಲೈತಿ ಅನ್ನೂದು ಎಲ್ಲಾರಿಗೂ ಗೊತ್ತೈತ್ರಿ. ಅದಕ್ಯಾಕ್ರಿ ಕೀಲಿ?”

ಉತ್ತರ ಬರಲಿಲ್ಲ. ತಪ್ಪು ಪ್ರಶಿಕ್ಷಣಾರ್ಥಿಯದಷ್ಟೇ ಅಲ್ಲ, ಪದದ್ದೂ ಹೌದು. ನಮ್ಮ ಕಡೆ ಕೀಲಿ ಎಂದರೆ ಬೀಗ, ತೆರೆಯುವುದು ಕೀಲಿಕೈ. ಕೀಲಿಕೈ ಎಂದು ತಿದ್ದಿದರೂ ಹೋಲಿಕೆ ಕೂಡುವುದಿಲ್ಲ. ಕೀಲಿಕೈ ಬಾಗಿಲು ತೆರೆಯುತ್ತದೆ, ಯಾರು ತೆರೆದರೆಂದು ಹೇಳುವುದಿಲ್ಲ. ಎಪಿಐ ಕೀ ಮೊದಲು ತಿಳಿಸುವುದೇ ಕೇಳುತ್ತಿರುವವರು ಯಾರು ಎಂಬುದನ್ನು.

ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣವನ್ನು ನೋಡಿ. 2012ರಲ್ಲಿ ಆರಂಭವಾದ ಈ ತಾಣ ಕೃಷಿ ಮಾರುಕಟ್ಟೆಗಳ ದಿನದ ಧಾರಣೆಯನ್ನು ಎಪಿಐ ಮೂಲಕ ಕೊಡುತ್ತದೆ. ಧಾರಣೆ ಗುಟ್ಟಿನ ಮಾತಲ್ಲ, ಆದರೂ ಕೀ ಬೇಕು. ಮಾದರಿ ಕೀಗೆ 10 ದಾಖಲೆಗಳಷ್ಟೇ ಸಿಗುತ್ತವೆ; ಹೆಚ್ಚು ಬೇಕೆಂದರೆ ನೋಂದಾಯಿಸಿಕೊಂಡು ಸ್ವಂತ ಕೀ ಪಡೆಯಬೇಕು. ಯಾರು ಎಷ್ಟು ಕೇಳಿದರು ಎಂಬ ಲೆಕ್ಕ ಇಡುವುದಕ್ಕೂ ಮಿತಿ ಹಾಕುವುದಕ್ಕೂ ಕೀ ಬೇಕಾಗುತ್ತದೆ. ಹಿಂದಿನ ಬೆಂಚಿನ ಪ್ರಶ್ನೆಗೆ ಇದೇ ಉತ್ತರ.

ಹಳ್ಳಿಯಿಂದ ಬರುವ ಮಕ್ಕಳಿಗೆ ಬಸ್ ಪಾಸ್ ಗೊತ್ತು. ಒಬ್ಬೊಬ್ಬರಿಗೆ ಒಂದೊಂದು, ಕಂಡಕ್ಟರ್ ಕೇಳಿದಾಗಲೆಲ್ಲ ತೋರಿಸಬೇಕು, ಒಬ್ಬರ ಪಾಸ್ ರದ್ದಾದರೆ ಉಳಿದವರ ಪ್ರಯಾಣ ನಿಲ್ಲುವುದಿಲ್ಲ. ಪಾಠವನ್ನು ಇಲ್ಲಿಂದ ಆರಂಭಿಸಬಹುದು.

ಫಂಕ್ಷನ್, ಡಿಕ್ಷನರಿ ಬಲ್ಲವರಿಗೆ ಎರಡು ಅವಧಿ ಸಾಕು. ಮೊದಲನೆಯದರಲ್ಲಿ ಕೀ ಬೇಡ. ಫ್ಲಾಸ್ಕ್ ಬಳಸಿ ಊರಿನ ಹೆಸರಿಗೆ ಒಂದು ರೂಟ್ ಬರೆಯಿರಿ. ಕಿತ್ತೂರಿಗೆ ಕೋಟೆ, ಬೈಲಹೊಂಗಲಕ್ಕೆ ಚೆನ್ನಮ್ಮನ ಸಮಾಧಿ, ಸವದತ್ತಿಗೆ ನವಿಲುತೀರ್ಥ ಅಣೆಕಟ್ಟು, ರಾಮದುರ್ಗಕ್ಕೆ ಗೊಡಚಿಯ ವೀರಭದ್ರ ದೇವಸ್ಥಾನ, ಇವು ಡಿಕ್ಷನರಿಯಲ್ಲಿರಲಿ. ಉತ್ತರ ಜೆಸನ್ ರೂಪದಲ್ಲಿ ಬರುತ್ತದೆ. ಕನ್ನಡದ ಬದಲು ಓರೆಗೆರೆ, ಅಂಕಿಗಳ ಸಾಲು ಕಂಡರೆ ಗಾಬರಿ ಬೇಡ. ‘ಎನ್ಶೂರ್ ಆಸ್ಕಿ’ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಅಕ್ಷರ ಮೂಡುತ್ತದೆ. ಲ್ಯಾಬಿನ ಬೇರೆ ಕಂಪ್ಯೂಟರ್‌ಗಳೂ ಕೇಳುವಂತಾಗಲು ಹೋಸ್ಟ್ ವಿಳಾಸ 0.0.0.0 ಕೊಡಬೇಕು.

ಎರಡನೆಯ ಅವಧಿಯಲ್ಲಿ ಗುಂಪಿಗೊಂದು ಕೀ. ಪೈಥಾನ್‌ನ ಸೀಕ್ರೆಟ್ಸ್ ಮಾಡ್ಯೂಲ್‌ನಲ್ಲಿರುವ ಟೋಕನ್ ಹೆಕ್ಸ್ ಫಂಕ್ಷನ್‌ಗೆ 16 ಕೊಟ್ಟರೆ 32 ಅಕ್ಷರಗಳ ಕೀ ಸಿಗುತ್ತದೆ. ಕೀ ಮತ್ತು ಗುಂಪಿನ ಹೆಸರನ್ನು ಇನ್ನೊಂದು ಡಿಕ್ಷನರಿಯಲ್ಲಿ ಜೋಡಿಸಿ. ಮಕ್ಕಳು ರಿಕ್ವೆಸ್ಟ್ಸ್ ಲೈಬ್ರರಿಯಿಂದ ಕೀಯನ್ನು ಹೆಡರ್‌ನಲ್ಲಿ ಕಳಿಸಲಿ. ಕೀ ಪಟ್ಟಿಯಲ್ಲಿದ್ದರೆ ಉತ್ತರ, ಇಲ್ಲದಿದ್ದರೆ 401. ಹೆಚ್ಚಿನವರು ಎಡವುವುದು ಇಲ್ಲೇ: ಚೌಕ ಆವರಣ ಬಳಸಿ ಹುಡುಕಿದರೆ, ಪಟ್ಟಿಯಲ್ಲಿಲ್ಲದ ಕೀ ಬಂದಾಗ ಪ್ರೋಗ್ರಾಂ ಮುಗ್ಗರಿಸಿ 500 ಕಳಿಸುತ್ತದೆ. ಗೆಟ್ ಬಳಸಿದರೆ 401 ಕಳಿಸುವುದು ನಮ್ಮ ಕೈಯಲ್ಲಿರುತ್ತದೆ. 401 ಎಂದರೆ ಕೇಳಿದವರ ಗುರುತು ಸಿಗಲಿಲ್ಲ, 500 ಎಂದರೆ ನಮ್ಮದೇ ತಪ್ಪು. ಈ ವ್ಯತ್ಯಾಸಕ್ಕೆ ಹತ್ತು ನಿಮಿಷ ಕೊಡಿ.

ಆಮೇಲೆ ಹೋಲಿಕೆ ಎಲ್ಲಿ ಮುರಿಯುತ್ತದೆಂದು ತೋರಿಸಬೇಕು. ಪಾಸ್ ಮೇಲೆ ಫೋಟೊ ಇರುತ್ತದೆ, ಕೀಗೆ ಇಲ್ಲ. ಒಂದು ಗುಂಪಿನ ಕೀಯನ್ನು ಪಕ್ಕದ ಗುಂಪಿಗೆ ಕೊಡಿಸಿ. ಸರ್ವರ್ ಪರದೆಯಲ್ಲಿ ಮೂಡುವುದು ಮೊದಲ ಗುಂಪಿನ ಹೆಸರೇ!

ಇದು ಆಟವಷ್ಟೇ ಅಲ್ಲ. ಇನ್ನೊಂದು ಶಾಲೆಯಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಮಾದರಿಗೆಂದು ನಿಜ ಮಕ್ಕಳ ಹಾಜರಿಯನ್ನೇ ಹಾಕಿದ್ದರು. ಕೀ ಪ್ರೋಗ್ರಾಂ ಒಳಗೇ ಇತ್ತು. ಆ ಕಡತ ಸಂಜೆಗೆ ವಾಟ್ಸ್ಯಾಪ್ ಗುಂಪು ಸೇರಿತು. ಕಡತವನ್ನು ಅಳಿಸಿದರೆ ಸಾಲದು, ಆ ಕೀಯನ್ನೇ ರದ್ದು ಮಾಡಬೇಕು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಕೀಗಳು ಪರಿಸರ ಚಲಕದಲ್ಲೋ ಪ್ರತ್ಯೇಕ ಕಡತದಲ್ಲೋ ಇರಲಿ. ಯುಆರ್‌ಎಲ್‌ನಲ್ಲಂತೂ ಬೇಡ, ಬ್ರೌಸರ್‌ನ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಎಚ್‌ಟಿಟಿಪಿಎಸ್ ಇಲ್ಲದ ಲ್ಯಾಬಿನಲ್ಲಿ ಹೆಡರ್ ಕೂಡ ಬಯಲೇ. ಹಾಗಾಗಿ ಮಕ್ಕಳ ಮಾಹಿತಿ ಪಾಠಕ್ಕೆ ಬರಬಾರದು.

ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ: ರಾಮದುರ್ಗ ಗುಂಪಿನ ಕೀ ಸವದತ್ತಿ ಗುಂಪಿಗೆ ಸಿಕ್ಕಿದೆ, ಸರ್ವರ್ ಇದನ್ನು ಪತ್ತೆ ಹಚ್ಚಬಲ್ಲುದೇ? ‘ಇಲ್ಲ’ ಎಂದಷ್ಟೇ ಬರೆದವರಿಗೆ ಅರ್ಧ ಅಂಕ. ಯಾವ ಕೀ ತೆಗೆಯಬೇಕು, ಹೊಸದನ್ನು ಯಾರಿಗೆ ಕೊಡಬೇಕು ಎಂದೂ ಬರೆದವರಿಗೆ ಪೂರ್ಣ ಅಂಕ.